ಫ್ಯಾನಿಲ್ಲದ ಊಟ

ಹುಣಸೂರಿನಿಂದ ಸರಗೂರಿನವರೆಗೆ ಮಣ್ಣಿನ ಗೋಡೆ ಕಟ್ಟುವವರಲ್ಲಿ ನನ್ನನ್ನು ಮೀರಿಸಿದವರು ಯಾರೂ ಇಲ್ಲ. ನಾನು ಹೇಳುತ್ತಿಲ್ಲ, ಗೋಡೆಗಳನ್ನೇ ಕೇಳಿ. ನಾನು ಕಟ್ಟಿದ ಮನೆಯೊಳಗೆ ಕಾಲಿಟ್ಟವರು ಏಪ್ರಿಲ್‌ನಲ್ಲಿ ಸ್ವೆಟರ್ ಕೇಳಿದ್ದಾರೆ. ಬಿಸಿ ಕಾಫಿ ತುಟಿಗೆ ಮುಟ್ಟುವಷ್ಟರಲ್ಲಿ ಐಸ್‌ಕ್ರೀಮ್ ಆಗಿದೆ. ಇಂಥ ಉಮೈರ್ ಮೇಸ್ತ್ರಿಯನ್ನು ಒಬ್ಬಳು ಒಂದೇ ಸಾಲಿನಲ್ಲಿ ಕತ್ತರಿಸಿ ಹಾಕಿದಳು.

ನಮ್ಮ ನಾಲ್ಕು ತಾಲ್ಲೂಕಿನ ಇಂಜಿನಿಯರುಗಳು, ಮೇಸ್ತ್ರಿಗಳು, ಬಡಗಿಗಳು ಸೇರಿ ಮಾಡಿಕೊಂಡ ‘ಹಸಿರು ಕಟ್ಟಡ ಬಳಗ’ ಅಂತ ಒಂದಿದೆ. ತಿಂಗಳಿಗೊಮ್ಮೆ ವಾಟ್ಸಾಪಿನಲ್ಲಿ ಸುದ್ದಿಪತ್ರ ಬರುತ್ತದೆ. ಕೆ.ಆರ್. ನಗರದಲ್ಲಿ ಯಾರೋ ಮಳೆನೀರಿನ ತೊಟ್ಟಿ ಕಟ್ಟಿದರು, ಕಂಪಲಾಪುರದಲ್ಲಿ ಯಾರೋ ಹಳೆ ಹೆಂಚಿಗೆ ಹೊಸ ಜೀವ ಕೊಟ್ಟರು, ಹೀಗೆ. ಸರಗೂರಿನಾಚೆ ಕಾಡಂಚಿನ ಗಿರಿಜನರ ಹಾಡಿಯಲ್ಲಿ ನಾನು ಕಟ್ಟುತ್ತಿದ್ದ ಸಮುದಾಯ ಭವನದ ಬಗ್ಗೆ ‘ಹೊರಗಡೆಗಿಂತ ಒಳಗೆ ಹತ್ತು ಡಿಗ್ರಿ ತಂಪು’ ಎಂದು ಬರೆದು ಕಳಿಸಿದ್ದೆ.

ಬಂದದ್ದು ‘ನಾಲ್ಕು ಡಿಗ್ರಿ’.

ನನ್ನ ಆರು ಡಿಗ್ರಿ ನುಂಗಿದವರು ಯಾರು? ಬೈಕ್ ಹತ್ತಿ ಪಿರಿಯಾಪಟ್ಟಣಕ್ಕೆ ಹಾರಿದೆ. ಸಂಪಾದಕರು ಎಲ್ಲಿ ಎಂದರೆ ಜನ ಬೆರಳು ತೋರಿಸಿದ್ದು ನಸೀರ್ ಸಾಹೇಬರ ಸಿಮೆಂಟ್ ಅಂಗಡಿಯತ್ತ! ಒಳಗೆ ಸಾಹೇಬರ ಮಗಳು ಜೋಯಾ, ಸಿವಿಲ್ ಇಂಜಿನಿಯರ್, ಮೂಟೆಗಳ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ದುಪಟ್ಟಾದ ಅಂಚಿಗೆ ಸಿಮೆಂಟಿನ ಪುಡಿ. ಕೆನ್ನೆಯ ಮೇಲೂ ಒಂದು ಬೂದು ಗೆರೆ.

“ಹತ್ತು ಅಂತ ಬರೆದಿದ್ದೆ,” ಎಂದು ಗುಡುಗಿದೆ.

“ನಾನು ಥರ್ಮಾಮೀಟರ್ ತಂದು ಅಳೆದೆ. ನಾಲ್ಕು ಕಣ್ರೀ.”

“ಯಾವಾಗ ಬಂದಿದ್ರಿ?”

“ನೀವು ಊಟಕ್ಕೆ ಹೋಗಿದ್ರಿ. ಹಾಡಿಯ ಜವರಕ್ಕ ಒಳಗೆ ಬಿಟ್ರು.”

“ನಿಮ್ಮ ಥರ್ಮಾಮೀಟರ್ ಸುಳ್ಳು ಹೇಳ್ತಿದೆ.”

ಅವಳು ತಲೆಯೆತ್ತಿ ನನ್ನ ಮೀಸೆಯನ್ನು ಎಡದಿಂದ ಬಲಕ್ಕೆ ಪೂರ್ತಿ ಓದಿದಳು. “ಅದಕ್ಕೆ ಮೀಸೆ ಇಲ್ಲ. ಸುಳ್ಳು ಹೇಳೋ ಅವಶ್ಯಕತೆನೂ ಇಲ್ಲ.”

ಆರು ಡಿಗ್ರಿ ಮೊದಲೇ ಹೋಗಿತ್ತು. ಉಳಿದ ನಾಲ್ಕೂ ಆ ನೋಟದಲ್ಲಿ ಕರಗಿಹೋದವು.

ಆಮೇಲೆ ಅವಳು ಅಳೆಯುವ ನೆಪದಲ್ಲಿ ಬರತೊಡಗಿದಳು, ನಾನು ವಿವರಿಸುವ ನೆಪದಲ್ಲಿ ನಿಲ್ಲತೊಡಗಿದೆ. ಈ ಇಟ್ಟಿಗೆ ಆನೆ ಒದ್ದರೂ ಅಲ್ಲಾಡುವುದಿಲ್ಲ ಎಂದರೆ, “ಎಮ್ಮೆ ಅಂತ ಬರ್ಕೋತೀನಿ,” ಎನ್ನುವಳು. ಪಡುವಣಕ್ಕೆ ನಾನು ಕಟ್ಟಿದ ಜಾಲಿ ಗೋಡೆ, ಅಂದರೆ ಇಟ್ಟಿಗೆಗಳ ನಡುವೆ ಗಾಳಿಗೆಂದು ಕಿಂಡಿ ಬಿಟ್ಟ ಗೋಡೆ, ಅವಳಿಗೆ ತುಂಬಾ ಇಷ್ಟ. ಆಚೆ ಬದಿಗೆ ಹೋಗಿ ಒಂದೊಂದೇ ಕಿಂಡಿಯಲ್ಲಿ ಇಣುಕುವಳು. ಒಂದರಲ್ಲಿ ಕಣ್ಣು, ಇನ್ನೊಂದರಲ್ಲಿ ನಗು. ಕಣ್ಣನ್ನು ಹುಡುಕುವಷ್ಟರಲ್ಲಿ ನಗು ತಪ್ಪಿಸಿಕೊಳ್ಳುತ್ತಿತ್ತು.

ನಮ್ಮ ಅಮ್ಮಿ, ಜಾನ್ ಬೀ, ಸಂಬಂಧ ಕೇಳಿಕೊಂಡು ಹೋದಳು. ನಸೀರ್ ಸಾಹೇಬರು ನೆತ್ತಿಯ ಬೆವರು ಒರೆಸಿಕೊಳ್ಳುತ್ತಾ ಹೇಳಿದರಂತೆ: “ಹುಡುಗ ಒಳ್ಳೆಯವನೇ. ಆದರೆ ಮಣ್ಣಿನ ಮನೇಲಿ ನನ್ನ ಮಗಳು ಬೇಯೋದು ಬೇಡ.”

ಇದು ಕಿವಿಗೆ ಬಿದ್ದದ್ದೇ ತಡ, ಅಂಗಡಿಯ ಮುಂದೆಯೇ ನಿಂತು ಸವಾಲು ಹಾಕಿದೆ. “ಚಾಚಾ, ನಮ್ಮ ಬಳಗದ ಊಟಕ್ಕೆ ಬನ್ನಿ. ನೀವು ಒಂದೇ ಒಂದು ಸಲ ಬೆವರು ಒರೆಸ್ಕೊಂಡ್ರೆ ಈ ಸಂಬಂಧದ ಮಾತು ಮತ್ತೆ ಎತ್ತಲ್ಲ.”

ಬೀದಿಯವರೆಲ್ಲ ಕೇಳಿಸಿಕೊಂಡರು. ಒಳಗಿದ್ದ ಜೋಯಾ ಹಣೆ ಚಚ್ಚಿಕೊಂಡಳು. ಸಾಹೇಬರು ಡಿಸೆಂಬರಿನಲ್ಲೂ ಬೆವರುವವರು ಎಂದು ನನಗೆ ತಿಳಿದದ್ದು ಆಮೇಲೆ.

ಆ ಊಟ ನಮ್ಮ ಬಳಗದ ಪದ್ಧತಿ. ಹೊಸ ಕಟ್ಟಡ ಮುಗಿದರೆ ಏಪ್ರಿಲ್ ಬಿಸಿಲಿನಲ್ಲಿ, ನಡು ಮಧ್ಯಾಹ್ನ, ಫ್ಯಾನಿಲ್ಲದೆ ಅಲ್ಲೇ ಊಟ. ಅದೂ ಹಬೆಯಾಡುವ ರಾಗಿ ಮುದ್ದೆ, ಕಣ್ಣಲ್ಲಿ ನೀರು ಬರಿಸುವ ಹುರುಳಿ ಬಸ್ಸಾರು. ಉಂಡವರಲ್ಲಿ ಒಬ್ಬರು ಮುಖ ಒರೆಸಿಕೊಂಡರೂ ಕಟ್ಟಡ ಫೇಲು.

ಭಾವೀ ಮಾವ ಬರುವ ಜಾಗ ಬೋಳಾಗಿರಬಾರದಲ್ಲ! ಹುಣಸೂರಿನ ಶಾಮಿಯಾನದವರಿಂದ ಜರಿಯಂಚಿನ ಕೆಂಪು ಮಖಮಲ್ ಪರದೆ ತಂದು ಪಡುವಣದ ಗೋಡೆಗೆ ಈ ತುದಿಯಿಂದ ಆ ತುದಿಗೆ ಕಟ್ಟಿಸಿದೆ. ಮೈಸೂರು ಅರಮನೆ ಅದನ್ನು ಕಂಡಿದ್ದರೆ ನಾಚಿ ದೀಪ ಆರಿಸಿಕೊಳ್ಳುತ್ತಿತ್ತು.

“ಏನ್ ಮೇಸ್ತ್ರಿ, ಇವತ್ತೇ ಮದ್ವೆ ಮಾಡ್ಕಂಬುಡ್ತೀಯಾ ಎಂಗೆ?” ಎಂದು ಜವರಕ್ಕ ಮುದ್ದೆ ಕಟ್ಟುತ್ತಾ ನಕ್ಕಳು.

ಎಲ್ಲರೂ ಸಾಲಾಗಿ ಕೂತರು. ಬಳಗದ ಅಧ್ಯಕ್ಷರು, ಕೆ.ಆರ್. ನಗರದ ನಿವೃತ್ತ ಇಂಜಿನಿಯರ್ ರುದ್ರಸ್ವಾಮಿಯವರು, ತೀರ್ಪುಗಾರರು. ಅವರ ಪಕ್ಕದಲ್ಲೇ ನಸೀರ್ ಸಾಹೇಬರು. ಮೊದಲ ತುತ್ತು ಇಳಿಯಿತು. ಎರಡನೆಯದಕ್ಕೆ ಸಾಹೇಬರ ನೆತ್ತಿಯಲ್ಲಿ ಮುತ್ತಿನಂಥ ಹನಿಗಳು ಎದ್ದವು. ಭವನ ಒಲೆಯ ಹಾಗೆ ಕಾಯುತ್ತಿತ್ತು. ನಾನು ಕಟ್ಟಿದ ಭವನ!

ಎದುರಿನ ಸಾಲಿನಿಂದ ಜೋಯಾ ನನ್ನನ್ನು ನೋಡಿದಳು. ಆಮೇಲೆ ಪರದೆಯನ್ನು. ಮತ್ತೆ ನನ್ನನ್ನು. ಪರದೆಯ ಅಂದವನ್ನು ಮೆಚ್ಚಿದಳು ಎಂದುಕೊಂಡು ಮೀಸೆ ತಿರುವಿದೆ. ಅವಳು ಕಣ್ಣು ಇನ್ನಷ್ಟು ಅಗಲ ಮಾಡಿದಳು. ನಾನು ಕಣ್ಣು ಹೊಡೆದೆ.

ಸಾಹೇಬರ ಎಡಗೈ ಜೇಬಿಗೆ ಹೋಯಿತು. ಕರ್ಚೀಫಿನ ಮೂಲೆ ಹೊರಗೆ ಬಂತು.

ಜೋಯಾ ಎದ್ದಳು. ಸಾರಿನ ಕೈಯಲ್ಲೇ ಪರದೆ ಹಿಡಿದು ಒಂದೇ ಎಳೆತ! ಹಗ್ಗ ಕಿತ್ತು ಮಖಮಲ್ ದೊಪ್ಪನೆ ಬಿತ್ತು. “ಗಾಳಿ ಬರ್ಲಿ ಅಂತ ಗೋಡೆ ತುಂಬ ಕಿಂಡಿ ಬಿಟ್ಟೋರು, ಅದಕ್ಕೇ ಕಂಬಳಿ ಹೊದಿಸ್ತಾರಾ?”

ಕಬಿನಿಯ ಹಿನ್ನೀರು ದಾಟಿ ಬರುವ ಗಾಳಿ, ಬೆಳಿಗ್ಗೆಯಿಂದ ಹೊರಗೆ ಕಾದು ಸಿಟ್ಟಾಗಿತ್ತೋ ಏನೋ, ಸಾವಿರ ಕಿಂಡಿಗಳಿಂದ ಒಟ್ಟಿಗೇ ನುಗ್ಗಿತು. ಎಲೆಗಳು ಹಾರಿದವು. ರುದ್ರಸ್ವಾಮಿಯವರ ಪಂಚೆ ಹಾರಿತು. ನಾನು ಕಂಬ ಹಿಡಿದುಕೊಳ್ಳದಿದ್ದರೆ ಮೈಸೂರಿನಲ್ಲಿ ಇಳಿಯುತ್ತಿದ್ದೆ.

ಸಾಹೇಬರ ಕೈ ಜೇಬಿನ ಬಾಯಲ್ಲೇ ನಿಂತಿತ್ತು. ಎಲ್ಲರ ತುತ್ತೂ ನಿಂತಿತ್ತು. ನೆತ್ತಿಯ ಹನಿಗಳು ಒಂದೊಂದಾಗಿ ಆರಿದವು. ಕರ್ಚೀಫು ಮೆಲ್ಲಗೆ ಒಳಗೆ ಜಾರಿತು.

“ಪರದೆ ತೆಗೆದದ್ದು ನಡೆಯುತ್ತಾ ಸಾರ್?” ಎಂದು ಯಾರೋ ಕೇಳಿದರು.

“ಅದು ಗೋಡೆಯ ಭಾಗ ಅಲ್ಲ ಕಣಯ್ಯ,” ಎಂದು ರುದ್ರಸ್ವಾಮಿಯವರು ಪಂಚೆ ಸರಿಮಾಡಿಕೊಂಡರು. “ಮೇಸ್ತ್ರಿ ಜಂಬದ ಭಾಗ. ಊಟ ಮಾಡಿ.”

ಇನ್ನೊಂದು ಮುದ್ದೆ ಹಾಕಿಸಿಕೊಂಡ ಸಾಹೇಬರು ಕೈ ತೊಳೆದು, ಗಟ್ಟಿತನ ನೋಡುತ್ತೇನೆಂದು ಗೋಡೆಗೆ ಒರಗಿದರು. ನೋಡುತ್ತಾ ನೋಡುತ್ತಾ ಗೊರಕೆ ಹೊಡೆದರು. ಆ ಗೊರಕೆಗೆ ನಾಗರಹೊಳೆಯ ಹುಲಿಗಳು ಊರು ಬಿಟ್ಟವು. ಗೋಡೆ ಮಾತ್ರ ಅಲ್ಲಾಡಲಿಲ್ಲ.

ಎಚ್ಚರಾದಾಗ ಸೂರು ನೋಡಿ ಕೇಳಿದರು, “ಕರೆಂಟ್ ಯಾವಾಗ ಬಂತು?”

“ಫ್ಯಾನೇ ಇಲ್ಲ ಅಬ್ಬಾ,” ಎಂದಳು ಜೋಯಾ.

ಸಾಹೇಬರು ಗೋಡೆಯನ್ನು ಒಮ್ಮೆ ಸವರಿದರು. ಮಗಳ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಅಮ್ಮಿಗೆ ಭಾನುವಾರ ಬರೋಕೆ ಹೇಳಪ್ಪ. ಆದರೆ ಮನೆ ಪಾಯಕ್ಕೆ ಸಿಮೆಂಟು ನಮ್ಮ ಅಂಗಡೀದೇ!”

ಹಾಡಿಯವರೆಲ್ಲ ಹೋ ಎಂದು ಕೂಗಿದ್ದು ಮಡಿಕೇರಿಗೆ ಕೇಳಿಸಿತಂತೆ.

ಸಂಜೆ ಜೋಯಾ ಜಾಲಿ ಗೋಡೆಯ ನೆರಳಿನಲ್ಲಿ ಲ್ಯಾಪ್‌ಟಾಪ್ ತೆರೆದಳು. ಮುಳುಗುವ ಬಿಸಿಲು ಕಿಂಡಿಗಳಿಂದ ಬಂದು ಅವಳ ಮುಖದ ತುಂಬ ಬಂಗಾರದ ಚೌಕಗಳನ್ನು ಹರಡಿತ್ತು.

“ಬರ್ಕೊಳ್ಳಿ,” ಎಂದೆ. “ಒಳಗೆ ಹತ್ತು ಡಿಗ್ರಿ ತಂಪು.”

“ಐದು.”

“ಒಂದು ಜಾಸ್ತಿ ಕೊಟ್ರಲ್ಲ!”

“ಗಾಳಿ ಚೆನ್ನಾಗಿತ್ತು.” ತುಟಿಯ ಮೂಲೆಯಲ್ಲಿ ನಗು ಅಡಗಿತ್ತು. ಈ ಸಲ ತಪ್ಪಿಸಿಕೊಳ್ಳಲು ಅದಕ್ಕೆ ಕಿಂಡಿ ಸಿಗಲಿಲ್ಲ.

“ಇದನ್ನೂ ಬರ್ಕೊಳ್ಳಿ. ಹುಣಸೂರಿನ ಉಮೈರ್‌ಗೆ ಪಿರಿಯಾಪಟ್ಟಣದ ಜೋಯಾ ಅಂದ್ರೆ, ಭೂಮಿ ಮೇಲೆ ಇದುವರೆಗೆ ಕಟ್ಟಿರೋ ಎಲ್ಲಾ ಗೋಡೆಗಿಂತ, ಇನ್ನು ಮುಂದೆ ಕಟ್ಟೋ ಎಲ್ಲಾ ಗೋಡೆಗಿಂತ ಜಾಸ್ತಿ ಇಷ್ಟ.”

ಕತ್ತರಿ ಬೀಳುವುದನ್ನು ಕಾದೆ. ಅವಳ ಬೆರಳು ಅಲ್ಲಾಡಲಿಲ್ಲ.

“ಕಡಿಮೆ ಮಾಡಲ್ವಾ?”

“ಅಳೆದು ನೋಡಿದ್ದೀನಿ ಕಣೋ,” ಎಂದಳು. “ಸರಿಯಾಗೇ ಇದೆ.”

ಆ ಕ್ಷಣ ಹಾಡಿಯ ಮೇಲೆ ಹಿಮ ಬಿತ್ತು. ಥರ್ಮಾಮೀಟರ್ ಅವಳ ಬ್ಯಾಗಿನಲ್ಲೇ ಇದ್ದದ್ದರಿಂದ ಸಾಕ್ಷಿ ಇಲ್ಲ, ಅಷ್ಟೇ.