ದರ ಇಳಿದ ಮೇಲೆ ಬನ್ನಿ

ಊದಿನ ಅತ್ತರು, ಆರಿದ ಬೆವರು, ಪರದೇಶದ ಸಾಬೂನು... ಚಿಕ್ಕಂದಿನಲ್ಲಿ ಆ ವಾಸನೆ ಬಂದರೆ ರಶೀನಾ ನಿದ್ದೆಯಿಂದ ಎದ್ದು ಕೂರುತ್ತಿದ್ದಳು. ಬಾಪ ಗಲ್ಫಿನಿಂದ ಬಂದಿದ್ದಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

ಇಂದು ಅದೇ ವಾಸನೆ ಬಿ.ಸಿ.ರೋಡಿನ ಟಿಕೇಟು ಕಚೇರಿಯಲ್ಲಿ, ಅವಳ ಕೌಂಟರಿನ ಎದುರು ಬಂದು ನಿಂತಿತು. ತಗಡಿನ ಮಾಡಿನ ಮೇಲೆ ಜೂನ್ ತಿಂಗಳ ಮಳೆ ಅಬ್ಬರಿಸುತ್ತಿತ್ತು. ಯಾರೋ ಈಗಷ್ಟೇ ವಿಮಾನ ಇಳಿದವರು ಅಂದುಕೊಂಡು ಅವಳು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ಮಾಲ್ಡೀವ್ಸಿಗೆ ಎರಡು ಟಿಕೇಟು. ಯಾವಾಗ ಹೋದರೆ ಒಳ್ಳೆಯದು?" ಶೀತಕ್ಕೆ ಒಡೆದ ಸ್ವರ.

"ಈಗ ದರ ಕಡಿಮೆ, ಆದರೆ ಮಳೆ. ಡಿಸೆಂಬರಿನಲ್ಲಿ ಬಿಸಿಲುಂಟು, ದರ ಮುಟ್ಟಲಿಕ್ಕಾಗುವುದಿಲ್ಲ. ನವೆಂಬರ್ ಕೊನೆಗೆ ಹೋಗಿ."

"ಯಾವ ವರ್ಷದ ನವೆಂಬರ್?"

ಕೀಲಿಗಳ ಮೇಲಿದ್ದ ಅವಳ ಬೆರಳು ನಿಂತಿತು.

ನೌಫಲ್! ಅವಳ ಗಂಡ. ದೋಹಾದಲ್ಲಿರಬೇಕಾದವನು ಒದ್ದೆ ಅಂಗಿಯಲ್ಲಿ ಎದುರಿಗಿದ್ದ. ಅವನು ಫೋನು ಮಾಡದೆ ಎಷ್ಟೋ ತಿಂಗಳಾಗಿತ್ತು.

ಪಕ್ಕದ ಕೌಂಟರಿನ ಸ್ವರ್ಣಲತಾ ತಲೆ ಹೊರಳಿಸಿದವಳು, ಏನೂ ಕೇಳಿಸದವಳಂತೆ ಬಾಗಿಲಿನ 'ತೆರೆದಿದೆ' ಫಲಕವನ್ನು ತಿರುಗಿಸಿಟ್ಟಳು.

"ಹೇಳಿ ಬರಬಾರದಿತ್ತಾ?" ಎಂದಳು ರಶೀನಾ.

"ಹೇಳಿದರೆ ದರ ಹೇಳ್ತೀಯಲ್ಲ."

ಮೂಡುಬಿದಿರೆಯಿಂದಲೂ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಮಳೆ ನಿಂತು, ದರ ಇನ್ನೂ ಏರದಿರುವ ಆ ಸಣ್ಣ ಸಂದು ಅವಳಿಗೆ ಗೊತ್ತು. ಎಷ್ಟೋ ಹೊಸ ಜೋಡಿಗಳನ್ನು ಕಡಲಿನಾಚೆಗೆ ಕಳಿಸಿದ್ದಳು. ತನ್ನ ಪ್ರವಾಸವನ್ನು ಮಾತ್ರ ನಿಖಾಹ್ ಆದಂದಿನಿಂದ ಮುಂದಕ್ಕೆ ಹಾಕುತ್ತಲೇ ಬಂದಿದ್ದಳು.

"ಕಳೆದ ನವೆಂಬರಿನಲ್ಲಿ ರಜೆ ಸಿಕ್ಕಿತು, ಬರ್ತೇನೆ ಅಂದೆ. ನೀನು ಎಂತ ಹೇಳಿದೆ?"

"ಈ ವಾರ ದೋಹಾದಿಂದ ದರ ಜಾಸ್ತಿ, ಫೆಬ್ರವರಿಗೆ ಬನ್ನಿ ಅಂದೆ."

"ಗಂಡ ಬರ್ತೇನೆ ಅಂದರೆ ಹೆಂಡತಿ ಹೀಗೆ ಹೇಳ್ತಾಳಾ? ಆ ರಜೆಯಿಡೀ ರೂಮಿನಲ್ಲೇ ಬಿದ್ದಿದ್ದೆ, ರಶೀ. ಊರಿಗೆ ಹೋಗಿಲ್ವಾ ಅಂತ ಕೇಳಿದವರಿಗೆ ಜ್ವರ ಅಂದೆ."

ಅವಳು ಕೀಲಿಗಳಿಂದ ಕೈ ತೆಗೆದಳು. ಅಷ್ಟು ದಿನ ಒಬ್ಬರೇ...

"ಮತ್ತೆ ಫೆಬ್ರವರಿಯಲ್ಲಿ ಯಾಕೆ ಬರಲಿಲ್ಲ?"

"ನವೆಂಬರಿನಲ್ಲಿ ಬೇಡವಾದವ ಫೆಬ್ರವರಿಯಲ್ಲಿ ಬೇಕಾಗ್ತಾನಾ?"

"ನಿಮ್ಮ ಉಮ್ಮ ತಿಂಗಳಿಡೀ ಗೇಟು ನೋಡ್ತಾ ಕೂತರು. ನಾನು ನೋಡದವಳ ಹಾಗೆ ನೋಡಿದೆ. ದೋಹಾದಲ್ಲಿ ನಿಮಗೆ ಬೇರೆ ಯಾರೋ ಇದ್ದಾರೆ ಅಂತ ಪಾಣೆಮಂಗಳೂರಿನಲ್ಲಿ ಜನ ಬಾಯಿಗೆ ಬಂದದ್ದು ಹೇಳಿದರು. ನಾನೂ ನಂಬಿದೆ."

ನೌಫಲ್ ಕಹಿಯಾಗಿ ನಕ್ಕ. "ಅಲ್ಲಿ ನನ್ನ ಜೊತೆ ಇರುವುದು ಬಂಕ್ ಬೆಡ್ಡಿನಲ್ಲಿ ಗೊರಕೆ ಹೊಡೆಯುವ ಇಬ್ರಾಹಿಂ. ಅವನನ್ನು ಬೇಕಾದರೆ ಕರೆದುಕೊಂಡು ಬರ್ತೇನೆ."

ಅವಳಿಗೆ ನಗು ಬರಲಿಲ್ಲ. ಅವನ ನಗುವೂ ಹೆಚ್ಚು ಹೊತ್ತು ಉಳಿಯಲಿಲ್ಲ.

"ಹೊಸ ಕೆಲಸದ ಕರಾರು ಬಂದಿದೆ," ಎಂದ. "ಎರಡು ವರ್ಷ ರಜೆ ಇಲ್ಲ. ನೀನು ಇನ್ನೊಮ್ಮೆ ನವೆಂಬರ್ ಅಂದರೆ ಸಹಿ ಹಾಕಿಬಿಡ್ತೇನೆ. ಮತ್ತೆ ನೀನು ನಿನ್ನಷ್ಟಕ್ಕೆ, ನಾನು ನನ್ನಷ್ಟಕ್ಕೆ."

ರಶೀನಾ ತನ್ನಲ್ಲೇ ಲೆಕ್ಕ ಹಾಕಿದಳು. 'ಇವರು ಬಿಸಿಲಿನಲ್ಲಿ ದುಡಿದದ್ದು ಟಿಕೇಟಿಗೆ ಹೋಗಬಾರದು ಅಂದುಕೊಂಡೆ. ಅದನ್ನೇ ಪ್ರೀತಿ ಅಂದುಕೊಂಡೆ. ಒಂದು ಸಲವಾದರೂ ಬನ್ನಿ ಅಂದೆನಾ?'

"ಉಳಿಸಲಿಕ್ಕೆ ನೋಡಿದೆ," ಎಂದಳು ಮೆಲ್ಲನೆ. "ನಿಮ್ಮನ್ನೇ ಕಳೆದುಕೊಂಡೆ."

ಅವಳು ಕಂಪ್ಯೂಟರಿನ ಪರದೆಯನ್ನು ಅವನತ್ತ ತಿರುಗಿಸಿದಳು.

"ಬರುವ ಶುಕ್ರವಾರಕ್ಕೆ ಹಾಕ್ತೇನೆ. ಇಬ್ಬರಿಗೂ."

"ಅಲ್ಲಿಯೂ ಮಳೆ ಉಂಟು. ಕಡಲು ಇಲ್ಲಿಯ ಹಾಗೆ ಕೆಸರಿನಿಂದ ಕೆಂಪಾಗಿರ್ತದೋ ಏನೋ."

"ಇರಲಿ. ಕೋಣೆಯಲ್ಲಿ ಕೂತು ಮಳೆ ನೋಡುವ. ಸಹಿ ಹಾಕಬೇಡಿ."

"ಆ ನವೆಂಬರ್ ವಾಪಸು ಬರುವುದಿಲ್ಲ, ರಶೀ."

"ಗೊತ್ತುಂಟು."

"ನನ್ನ ಸಿಟ್ಟೂ ಹೋಗಿಲ್ಲ."

"ಅದನ್ನೂ ಕರೆದುಕೊಂಡು ಬನ್ನಿ," ಎಂದಳು. ಕಣ್ಣು ತುಂಬಿ ಪರದೆಯ ಅಕ್ಷರಗಳು ಕಲಸಿಹೋದವು.

ಅವನು ತಡೆದು ತಡೆದು ಪಾಸ್‌ಪೋರ್ಟನ್ನು ಕೌಂಟರಿನ ಮೇಲಿಟ್ಟ. ಅದನ್ನು ಎತ್ತಿಕೊಳ್ಳಲು ಹೋದ ಅವಳ ಬೆರಳನ್ನು ಬಿಡದೆ ಹಿಡಿದ.

"ಬೆಳಿಗ್ಗೆ ಎಂತ ತಿಂದಿರಿ?"

"ಎಂತದೂ ಇಲ್ಲ."

ಅಷ್ಟರಲ್ಲಿ ಸ್ವರ್ಣಲತಾ ಎದ್ದು ಬಂದಳು. ತನ್ನ ಬುತ್ತಿಯ ಮುಚ್ಚಳ ತೆಗೆದು, ಕುಚ್ಚಲಕ್ಕಿ ಅನ್ನವನ್ನೂ ಬಸಳೆ ಪದಾರ್ಥವನ್ನೂ ಇಬ್ಬರ ನಡುವೆ ಇಟ್ಟು, ಕೊಡೆ ಬಿಡಿಸಿಕೊಂಡು ಹೊರಗೆ ನಡೆದಳು.