ಸುಕ್ಕುಬಿದ್ದ ಚೀಟಿ

ಮಗು ಸತ್ತು ಇನ್ನೂ ಎರಡು ಗಂಟೆ ಆಗಿರಲಿಲ್ಲ. ಅಷ್ಟರಲ್ಲೇ ಆಸ್ಪತ್ರೆಯವರು ಅಪರಾಧಿಯನ್ನು ಹಿಡಿದು ಸ್ಟೂಲಿನ ಮೇಲೆ ಕೂರಿಸಿದ್ದರು.

"ಪಕ್ಕದ ಮಗುವಿಗೆ ತರಿಸಿದ ರಕ್ತ ಈ ಮಗುವಿಗೆ ಹೋಗಿದೆ. ಚೀಲ ಅದಲುಬದಲು ಮಾಡಿದ್ದು ಈ ನರ್ಸ್. ಕರ್ಕೊಂಡು ಹೋಗಿ," ಎಂದರು ದೊಡ್ಡ ಡಾಕ್ಟರು.

ಇನ್ಸ್‌ಪೆಕ್ಟರಮ್ಮನಿಗೆ ಮೈ ಉರಿಯಿತು. ಹೀಗೆ ಸಿದ್ಧಮಾಡಿ ಕೈಗಿಡುವ ಅಪರಾಧಿಯನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ. ಸ್ಟೂಲಿನ ಮೇಲಿದ್ದವಳು ಇಪ್ಪತ್ತು ವರ್ಷದಿಂದ ಇದೇ ಶಿಶು ವಾರ್ಡಿನಲ್ಲಿದ್ದವಳು. ಎಲ್ಲರಿಗೂ ನರ್ಸಕ್ಕ.

"ಕಾಮಾಲೆ ತಲೆಗೇರ್ತಿತ್ತು ಮೇಡಂ. ಮಗುವಿನ ರಕ್ತ ಸ್ವಲ್ಪ ಸ್ವಲ್ಪ ತೆಗೆದು ಹೊಸದು ಕೊಡಬೇಕಿತ್ತು. ಚೀಲದ ಚೀಟಿ, ಮಗುವಿನ ಕಾಲಿನ ಪಟ್ಟಿ, ಎರಡನ್ನೂ ಎರಡೆರಡು ಸಲ ಓದಿ ಸಹಿ ಹಾಕ್ದೆ."

"ಆಮೇಲೆ?"

"ದೊಡ್ಡ ಡಾಕ್ಟರು ಔಷಧಿ ತಾ ಅಂತ ಕೆಳಗೆ ಕಳಿಸಿದ್ರು. ಬರೋಷ್ಟರಲ್ಲಿ ಶುರು ಮಾಡಿದ್ರು. ಐದನೇ ಸಿರಿಂಜಿಗೇ ಎದೆಬಡಿತ ನಿಂತುಹೋಯ್ತು."

* * *

ರಕ್ತನಿಧಿಯ ತಂತ್ರಜ್ಞ ಚೀಲದಲ್ಲಿ ಉಳಿದದ್ದನ್ನು ಪರೀಕ್ಷಿಸಿ ತಲೆಯೆತ್ತಿದ.

"ಚೀಲ ಬದಲಾಗಿಲ್ಲ. ಗುಂಪು ಸರಿಯಾಗೇ ಇದೆ. ತಾಯಿ ರಕ್ತಕ್ಕೂ ಹೊಂದುತ್ತೆ."

"ಹಾಗಾದ್ರೆ ನೀನು ಹಳೇದು ಕೊಟ್ಟಿರ್ಬೇಕು."

"ಮೂರೇ ದಿನದ್ದು ಮೇಡಂ! ಎಳೇ ಮಕ್ಕಳಿಗೆ ಅಂತಾನೇ ತಾಜಾ ಎತ್ತಿಡ್ತೀನಿ."

ಅವನು ಎರಡು ನಳಿಕೆಗಳನ್ನು ಯಂತ್ರದಲ್ಲಿ ತಿರುಗಿಸಿ ಬೆಳಕಿಗೆ ಹಿಡಿದ. ಒಂದು ಚೀಲದ ರಕ್ತ. ಇನ್ನೊಂದು, ಚೀಲ ಕಳಿಸುವ ಮುನ್ನ ಅದರಿಂದಲೇ ಕತ್ತರಿಸಿ ಉಳಿಸಿಕೊಂಡ ಮಾದರಿ. ಮಾದರಿಯಲ್ಲಿ ಮೇಲೆ ನಿಂತ ತಿಳಿನೀರು ಹಳದಿಯಾಗಿತ್ತು. ಚೀಲದ್ದು ಕಡುಗೆಂಪು.

"ರಕ್ತಕಣ ಒಡೆದುಹೋಗಿವೆ. ಇಲ್ಲಿಂದ ಹೋದ ಮೇಲೆ."

ಇನ್ಸ್‌ಪೆಕ್ಟರಮ್ಮ ಚೀಲ ತಿರುಗಿಸಿದಳು. ಚೀಟಿ ಸುಕ್ಕುಬಿದ್ದು ಒಂದು ಮೂಲೆ ಎದ್ದಿತ್ತು. ಶಾಯಿ ಹರಡಿತ್ತು.

"ಫ್ರಿಜ್ಜಿನ ಬೆವರಿಗೆ ಹೀಗಾಗುತ್ತಾ?"

"ಇಲ್ಲ. ಈ ಅಂಟು ಬಿಡೋದು ಬಿಸಿನೀರಿಗೆ ಮಾತ್ರ," ಎಂದ ಅವನು. ಹೇಳಿದ ಮೇಲೆ ಅವನಿಗೇ ಹೊಳೆಯಿತು. "ರಕ್ತಕಣ ಒಡೆಯೋದೂ ಬಿಸಿಗೇ, ಮೇಡಂ."

* * *

ಫ್ರಿಜ್ಜಿನಿಂದ ಬಂದ ರಕ್ತವನ್ನು ಮೆಷಿನ್ನಿನಲ್ಲಿ ಮೂವತ್ತೇಳು ಡಿಗ್ರಿಗೆ ಬೆಚ್ಚಗೆ ಮಾಡಲಾಯಿತು ಎಂದು ಮಗುವಿನ ಕಡತದಲ್ಲಿ ದೊಡ್ಡ ಡಾಕ್ಟರ ಕೈಬರಹದಲ್ಲೇ ದಾಖಲಾಗಿತ್ತು. ಮೆಷಿನ್ನು ವಾರ್ಡಿನ ಕಪಾಟಿನ ಮೇಲೆಯೇ ಇತ್ತು, ದಪ್ಪ ಪ್ಲಾಸ್ಟಿಕ್ ಹೊದ್ದುಕೊಂಡು. ಕರೆಂಟಿನ ವೈರಿಗೆ ಕಾರ್ಖಾನೆಯಲ್ಲಿ ಸುತ್ತಿದ ಕಟ್ಟನ್ನು ಇನ್ನೂ ಬಿಚ್ಚಿರಲಿಲ್ಲ. ತಪಾಸಣೆಗೆ ಬಂದವರಿಗೆ ತೋರಿಸಲು ಇಟ್ಟ ಬೊಂಬೆ! ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಆದರೆ ವಾರ್ಡಿನ ನಲ್ಲಿಯಲ್ಲಿ ಬರುತ್ತಿದ್ದುದು ತಣ್ಣೀರು. ಬಿಸಿನೀರು ಎಲ್ಲಿಂದ ಬಂತು?

ಹೊರಗಿನ ಬೆಂಚಿನಲ್ಲಿ ಮಗುವಿನ ಅಜ್ಜಿ ಖಾಲಿ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಅಜ್ಜಿ, ಇದರಲ್ಲಿ ನೀರಿತ್ತಾ?"

"ಬಾಣಂತಿಗೆ ಕುಡಿಯೋಕೆ ಕುದಿಸಿ ತಂದಿದ್ದೆ ಕಣಮ್ಮ. ಕೈ ತೊಳ್ಕೋಬೇಕು ಅಂತ ದೊಡ್ಡ ಡಾಕ್ಟರು ಇಸ್ಕೊಂಡ್ರು. ನನ್ನ ಕೂಸನ್ನ ಮುಟ್ಟೋ ಕೈ ಅಲ್ವಾ, ಅಷ್ಟೂ ಕೊಟ್ಟೆ."

ಇನ್ಸ್‌ಪೆಕ್ಟರಮ್ಮ ವಾರ್ಡಿನ ಕಡೆ ತಿರುಗಿದಳು.

* * *

ದೊಡ್ಡ ಡಾಕ್ಟರು ಕಾರಿನ ಕೀಲಿ ಹಿಡಿದು ಹೊರಟವರು ವಾರ್ಡಿನ ಬಾಗಿಲಲ್ಲಿ ಸಿಕ್ಕರು. ಇನ್ಸ್‌ಪೆಕ್ಟರಮ್ಮ ಅಡ್ಡ ನಿಂತಳು.

"ಮೆಷಿನ್ ಬಿಚ್ಚಿ ತಯಾರು ಮಾಡೋಕೆ ಇಪ್ಪತ್ತು ನಿಮಿಷ ಬೇಕು. ಹೊರಗಿನ ನಿಮ್ಮ ಸ್ವಂತ ಕ್ಲಿನಿಕ್ಕಿಗೆ ಹೊತ್ತಾಗ್ತಿತ್ತು. ನರ್ಸಕ್ಕ ಇದ್ದಿದ್ರೆ ಬೇಡ ಅಂತಿದ್ಲು, ಅದಕ್ಕೇ ಕೆಳಗೆ ಕಳಿಸಿದ್ರಿ. ರಕ್ತನ ಬಿಸಿನೀರಿಗೆ ಹಾಕಿದ್ರಿ."

"ಸುಳ್ಳು! ಬಟ್ಟಲಲ್ಲಿ ಏನೂ ಇಡಲಿಲ್ಲ ನಾನು."

"ಬಟ್ಟಲು ಅಂತ ನಾನು ಅಂದೇ ಇಲ್ವಲ್ಲ."

ಡಾಕ್ಟರು ಕೀಲಿಯನ್ನು ಜೇಬಿಗಿಳಿಸಿದರು.

"ಎರಡೇ ನಿಮಿಷ... ಎಲ್ಲರೂ ಮಾಡ್ತಾರೆ..."

"ಎರಡು ನಿಮಿಷಕ್ಕೆ ಕಣ ಒಡೆದವು. ಒಳಗಿನ ಲವಣ ಹೊರಗೆ ಬಂತು. ಮುಷ್ಟಿಯಷ್ಟೂ ಇಲ್ಲದ ಹೃದಯ ಅದನ್ನ ತಡೀಲಿಲ್ಲ. ಆಮೇಲೆ ಸುಳ್ಳು ದಾಖಲೆ ಬರೆದ್ರಿ. ನರ್ಸಕ್ಕನ ತಲೆಗೆ ಕಟ್ಟಿದ್ರಿ. ಬೇಲೀನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋದು? ನನಗೆ ಹೇಳಬೇಕು. ನಡೀರಿ!"

ಹಿಂದೆ ಏನೋ ಉರುಳಿತು. ಫ್ಲಾಸ್ಕಿನ ಮುಚ್ಚಳ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನನ್ನ ನೀರಾ?"

"ನಿಮ್ಮ ನೀರು ಮಗಳಿಗೆ ಅಂತ ತಂದದ್ದು ಅಜ್ಜಿ. ಸುಳ್ಳು ಹೇಳಿ ಇಸ್ಕೊಂಡೋನು ಇವನು." ಇನ್ಸ್‌ಪೆಕ್ಟರಮ್ಮ ಡಾಕ್ಟರ ತೋಳು ಹಿಡಿದಳು.

ಅಜ್ಜಿ ಫ್ಲಾಸ್ಕನ್ನು ಅವಳ ಕೈಗಿಟ್ಟಳು. ಒಳಗಿನಿಂದ ಬಾಣಂತಿ ಕೂಗಿದಳು: "ಅಮ್ಮಾ, ನೀರು."

ಅಜ್ಜಿ ಕದಲಲಿಲ್ಲ. ನರ್ಸಕ್ಕ ಸ್ಟೂಲಿನಿಂದ ಎದ್ದು, ಲೋಟ ತುಂಬಿಸಿಕೊಂಡು ಒಳಗೆ ಹೋದಳು.