ಖಾಲಿ ಹುದ್ದೆಗಳ ಹಾಜರಿ

ದೀಪ ಒಂದೇ ಹತ್ತಿತು.

ಮೇಜಿನ ಮೇಲಿದ್ದ ಯಂತ್ರ ರೊಟ್ಟಿಯ ಹೆಂಚಿನಷ್ಟು ಅಗಲ. ಅದರ ಅಂಚಿಗೆ ಆರು ಪುಟ್ಟ ದೀಪಗಳು. ಓಬಳೇಶ ಕುರ್ಚಿ ಎಳೆದುಕೊಂಡು ಕುಳಿತು, ಗಂಟಲು ಸರಿಮಾಡಿಕೊಂಡು, ಸೂಚನೆಯಲ್ಲಿದ್ದಂತೆ “ಐ” ಎಂದ. ಅವನೆದುರಿನ ದೀಪ ಹಸಿರಾಗಿ ಬೆಳಗಿತು. ಉಳಿದವು ಕಣ್ಣು ಬಿಡಲಿಲ್ಲ.

“ಇನ್ನುಳಿದವರು ದಯವಿಟ್ಟು ಮಾತನಾಡಿ,” ಎಂದಿತು ಯಂತ್ರ.

“ಉಳಿದಿರೋನು ನಾನೊಬ್ನೇ ಕಣಪ್ಪ,” ಎಂದ ಓಬಳೇಶ.

“ಇನ್ನುಳಿದವರು ದಯವಿಟ್ಟು ಮಾತನಾಡಿ.”

ಅದು ಕಾರವಾರದ ದಡದಿಂದ ತೊಂಬತ್ತು ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ಮೇಲೆ ತೇಲುತ್ತಿದ್ದ ಹದಿನೇಳನೆಯ ಗಾಳಿವೇದಿಕೆ. ಮೇಲೆ ದೈತ್ಯ ರೆಕ್ಕೆಗಳು ತಿರುಗಿ ವಿದ್ಯುತ್ತು ಮಾಡುತ್ತಿದ್ದವು. ಕೆಳಗಿನ ಎರಡು ಕೋಣೆಗಳಲ್ಲಿ ಅವುಗಳ ಉಸ್ತುವಾರಿಗೆಂದು ಓಬಳೇಶನಿದ್ದ. ಸಾಗರವಾಯು ನಿಗಮದ ಕಡತದಲ್ಲಿ ಪ್ರತಿ ವೇದಿಕೆಗೆ ಮಂಜೂರಾದ ಹುದ್ದೆಗಳು ಮೂರು: ಕಾವಲುಗಾರ, ಯಂತ್ರಕರ್ಮಿ, ಅಡುಗೆಯವರು. ಭರ್ತಿಯಾಗಿದ್ದು ಒಂದು. ದಿನಸಿ ತರುವ ದೋಣಿಗೂ ಅಂಬಿಗನಿರಲಿಲ್ಲ. ತಾನೇ ಬಂದು, ಚೀಲ ಇಳಿಸಿ, ತಾನೇ ಹೋಗುತ್ತಿತ್ತು. ಓಬಳೇಶ ಇನ್ನೊಬ್ಬರ ಪಕ್ಕದಲ್ಲಿ ಕುಳಿತು ಊಟ ಮಾಡಿ ಹದಿನಾಲ್ಕು ತಿಂಗಳಾಗಿತ್ತು.

ಕೇಂದ್ರವೇದಿಕೆಯಲ್ಲಿ ಒಂಬತ್ತು ದೇಶಗಳ ನಲವತ್ತು ಜನರಿದ್ದರು. ಅಲ್ಲಿ ಉದ್ದನೆಯ ಒಂದೇ ಊಟದ ಮೇಜು ಎಂದು ಕೇಳಿದ್ದ. ಅಲ್ಲಿಗೆ ವರ್ಗ ಮಾಡಿ ಎಂದು ನಾಲ್ಕು ಸಲ ಬರೆದಿದ್ದ. ನಾಲ್ಕು ಸಲವೂ ಒಂದೇ ಉತ್ತರ: ಮೊದಲ ಹಂತದ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು.

ಬಿ.ಎ. ಓದಿದವನಿಗೆ ಇಂಗ್ಲಿಷಿನ ಅಆಇಈ ಯಾಕೆ ಬಾರದು ಎಂದರೆ, ಅದು ಆ ಕಾಲದ ಮಹಿಮೆ. ಭಾಷಾಕುಂಡಲ ಬಂದು ಐವತ್ತು ವರ್ಷವಾಗಿತ್ತು. ಕಡಲೆಕಾಳಿನಷ್ಟು ಚಿಕ್ಕದಾದ ಅದನ್ನು ಕಿವಿಗೆ ಸಿಕ್ಕಿಸಿಕೊಂಡರೆ ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ನಿಮ್ಮ ಭಾಷೆಯಲ್ಲಿ ಕೇಳಿಸುತ್ತಿತ್ತು. ಹಾಗಾಗಿ ಪರಭಾಷೆ ಕಲಿಯುವುದು ಬಾವಿಯಿಂದ ನೀರು ಸೇದುವ ಕೆಲಸದಂತೆ ಜನರ ಕೈತಪ್ಪಿ ಹೋಗಿತ್ತು. ಹೋದ ವರ್ಷ ಕೇಂದ್ರವೇದಿಕೆಗೆ ಸಿಡಿಲು ಬಡಿದು ಕುಂಡಲಗಳೆಲ್ಲ ಒಮ್ಮೆಗೇ ಮೂಕವಾದವು. ಅಡುಗೆಮನೆಗೆ ಬೆಂಕಿ ಬಿದ್ದಿತ್ತು. ‘ನೀನು ಕೊಳವೆ ಹಿಡಿ, ಅವನು ನಲ್ಲಿ ತಿರುಗಿಸಲಿ’ ಎಂಬಷ್ಟು ಹೇಳಲು ಯಾರಿಗೂ ಬರಲಿಲ್ಲ. ನಲವತ್ತು ಜನವೂ ಕೊಳವೆಯನ್ನೇ ಹಿಡಿದು ನಿಂತರು. ನಲ್ಲಿಯ ಬಳಿ ಯಾರೂ ಇರಲಿಲ್ಲ.

ಬೂದಿ ಆರಿದ ಮೇಲೆ ನಿಯಮ ಬಂತು. ಕುಂಡಲವಿಲ್ಲದೆ ನಾನು, ನೀನು, ಅವನು, ಅವಳು, ನಾವು, ಅವರು ಎನ್ನಲು ಬಾರದವರಿಗೆ ಕೇಂದ್ರದಲ್ಲಿ ಜಾಗವಿಲ್ಲ. ಅದನ್ನು ಕಲಿಸಲು ಡಾ. ವಸುಮತಿ ಹಂದೆಯವರು ಮಾಡಿದ ಯಂತ್ರವೇ ಈ ‘ಸರ್ವನಾಮಿ’. ಅದು ಬಂದ ದಿನವೇ ಓಬಳೇಶ ಅದಕ್ಕೆ ‘ಸರ್ವನಾಶಿ’ ಎಂದು ಮರುನಾಮಕರಣ ಮಾಡಿದ್ದ.

ಅವನು ಹಂದೆಯವರಿಗೆ ಕರೆ ಮಾಡಿದ.

“ಮೇಡಂ, ಇದು ಪಾಠನೇ ಶುರು ಮಾಡ್ತಿಲ್ಲ. ಇನ್ನುಳಿದವರು ಇನ್ನುಳಿದವರು ಅಂತ ಒಂದೇ ಸಮ ಹಟ ಹಿಡ್ದು ಕುಂತೈತೆ.”

“ಮೂರು ಜನ ಬೇಕು ಮಾರಾಯ್ರೆ, ಕಡಿಮೆಗೆ ಆಗುದಿಲ್ಲ,” ಎಂದರು ಹಂದೆ. “ನೋಡಿ, ಕಲ್ಲು, ಮರ, ಮೀನು, ಇದನ್ನೆಲ್ಲ ಒಬ್ಬರೇ ಕೂತು ಕಲಿಯಬಹುದು. ಸರ್ವನಾಮ ಹಾಗಲ್ಲ. ‘ನೀನು’ ಹೇಳ್ಲಿಕ್ಕೆ ಎದುರು ಒಬ್ಬರು ಬೇಕು. ‘ಅವನು’ ಹೇಳ್ಲಿಕ್ಕೆ ಪಕ್ಕದಲ್ಲಿ ಮತ್ತೊಬ್ಬರು ಬೇಕು. ಒಬ್ಬರಿಗೇ ಕಲಿಸಿ ನೋಡಿದ್ದೇವೆ. ಆರು ತಿಂಗಳಾದ ಮೇಲೂ ಅವರಿಗೆ ‘ಐ’ ಬಿಟ್ಟು ಬೇರೆ ಬರ್ಲಿಲ್ಲ.”

“ಇಲ್ಲಿ ನಾನೊಬ್ನೇ ಅಲ್ವಾ ಮೇಡಂ? ಮೀನು ಹಿಡ್ಕೊಂಬಂದು ಕೂರಿಸ್ಲಾ?”

“ನಿಮ್ಮ ವೇದಿಕೆಗೆ ಮೂರು ಹುದ್ದೆ ಮಂಜೂರಾಗಿದೆಯಲ್ಲ, ಪಟ್ಟಿಯಲ್ಲಿ ಉಂಟು.”

“ಹುದ್ದೆ ಮೂರು ಅವೆ, ಜನ ಇಲ್ಲ.”

“ಯಂತ್ರಕ್ಕೆ ಕಣ್ಣಿಲ್ಲ ಓಬಳೇಶ್,” ಎಂದರು ಹಂದೆ, ಯಾಕೋ ನಿಧಾನವಾಗಿ. “ಧ್ವನಿಮುದ್ರೆಯಿಂದ ಮಾತ್ರ ಜನ ಎಣಿಸ್ತದೆ. ಒಂದು ದನಿಗೆ ಒಂದು ದೀಪ. ನಾನು ಹೇಳ್ಬೇಕಾದ್ದು ಅಷ್ಟೇ.”

ಕರೆ ಕಡಿದುಹೋಯಿತು. ಓಬಳೇಶ ದೀಪಗಳನ್ನು ನೋಡುತ್ತ ಕುಳಿತ. ಅವನಿಗೆ ಹಿರಿಯೂರಿನ ಕಾಲೇಜು ನೆನಪಾಯಿತು.

ಅಲ್ಲಿ ಅವನ ಹೆಸರು ಪರೀಕ್ಷೆಯ ಫಲಿತಾಂಶದಲ್ಲಿ ಕಾಣದಿದ್ದರೂ ಹಾಜರಿಯಲ್ಲಿ ಅವನ ದನಿ ಹನ್ನೊಂದು ಕಡೆ ಕೇಳುತ್ತಿತ್ತು. ಕೊನೆಯ ಬೆಂಚಿನಲ್ಲಿ ಕುಳಿತು, ಸಿನಿಮಾಕ್ಕೆ ಹೋದ ಹನ್ನೊಂದು ಗೆಳೆಯರಿಗೆ ಹನ್ನೊಂದು ದನಿಯಲ್ಲಿ “ಎಸ್ ಸಾರ್” ಎನ್ನುತ್ತಿದ್ದ. ಒಮ್ಮೆ ಮೇಷ್ಟ್ರು ತಲೆಯೆತ್ತಿದಾಗ ಹಾಜರಿಯಲ್ಲಿ ಮೂವತ್ತು ಜನ, ಕೋಣೆಯಲ್ಲಿ ಹತ್ತೊಂಬತ್ತು.

ಅವನು ಕುರ್ಚಿಯನ್ನು ಎಡಕ್ಕೆ ಸರಿಸಿ, ಸೊಂಟ ಹಿಡಿದುಕೊಂಡು, ಒಡಕು ದನಿಯಲ್ಲಿ “ಐ... ಅಯ್ಯಯ್ಯೋ” ಎಂದ. ಎರಡನೆಯ ದೀಪ ಹತ್ತಿತು. ಅದಕ್ಕೆ ಬೋರಯ್ಯ ಎಂದು ಹೆಸರಿಟ್ಟ. ಬಲಕ್ಕೆ ಸರಿದು, ಕಾಲೇಜಿನ ಗ್ರಂಥಪಾಲಕಿಯ ರಾಗದಲ್ಲಿ, ಪುಸ್ತಕ ತಡವಾಗಿ ತಂದವನನ್ನು ಗದರಿಸುವಂತೆ “ಐ” ಎಂದ. ಮೂರನೆಯದು ಹತ್ತಿತು. ಆಕೆ ಸಿದ್ಲಿಂಗಮ್ಮ.

“ಸುಸ್ವಾಗತ. ನೀವು ಮೂವರು,” ಎಂದಿತು ಸರ್ವನಾಮಿ.

ಹಾಗೆನ್ನಿಸಿಕೊಂಡು ಎಷ್ಟು ಕಾಲವಾಗಿತ್ತೋ. ಓಬಳೇಶ ಎದ್ದುಹೋಗಿ ಮುಖ ತೊಳೆದುಕೊಂಡು ಬಂದ.

ದಿನಾ ಸಂಜೆ ಐದಕ್ಕೆ ಪಾಠ. ‘ಐ ಯಾಮ್ ಓಬಳೇಶ. ಯು ಆರ್ ಬೋರಯ್ಯ. ಶಿ ಈಸ್ ಸಿದ್ಲಿಂಗಮ್ಮ.’ ಬೋರಯ್ಯನಿಗೆ ಸೊಂಟನೋವು, ಎಲ್ಲಕ್ಕೂ ಗೊಣಗಾಟ. ಸಿದ್ಲಿಂಗಮ್ಮ ಅವನ ತಪ್ಪುಗಳನ್ನು ತಿದ್ದುತ್ತಿದ್ದಳು. ಓಬಳೇಶ ಇಬ್ಬರ ನಡುವೆ ರಾಜಿ ಮಾಡಿಸುತ್ತಿದ್ದ. ಪಾಠ ಮುಗಿದು ದೀಪಗಳು ಆರಿದಾಗ ಮಾತ್ರ, ವೇದಿಕೆಯಲ್ಲಿ ಮೊದಲಿದ್ದ ಒಬ್ಬನಿಗಿಂತಲೂ ಕಡಿಮೆ ಜನರಿದ್ದಂತೆ ಅನಿಸುತ್ತಿತ್ತು.

ಎರಡನೆಯ ತಿಂಗಳು ‘ವಿ’ ಮತ್ತು ‘ದೇ’ ಬಂದವು. ‘ನಾವು’ ಎನ್ನಬೇಕಾದರೆ ಆಚೆ ‘ಅವರು’ ಇರಬೇಕಲ್ಲ! ಅದಕ್ಕಾಗಿ ಯಂತ್ರ ಎರಡು ವೇದಿಕೆಗಳನ್ನು ಧ್ವನಿತಂತುವಿನಿಂದ ಜೋಡಿಸುತ್ತಿತ್ತು. ಓಬಳೇಶನಿಗೆ ಜೋಡಿಯಾಗಿದ್ದು ಇಪ್ಪತ್ಮೂರನೆಯ ವೇದಿಕೆ. ಉಳಿದ ಮೂರು ದೀಪಗಳು ಹತ್ತಿದವು.

“ನಮಸ್ಕಾರ್ರೀ. ನಾ ನೀಲಗಂಗಾ ಹೂಗಾರ, ಗದಗ ಕಡೇಕಿ, ಇಲ್ಲಿ ಕಾವಲ ಕೆಲಸ,” ಎಂದಿತು ಒಂದು ದನಿ. “ಇವರು ನಮ್ಮ ದ್ಯಾಮಣ್ಣಾರು, ಯಂತ್ರ ನೋಡ್ತಾರ. ಇಕಿ ರುಕ್ಮವ್ವ, ಅಡಗಿ.” ದ್ಯಾಮಣ್ಣ ಕೊಡದೊಳಗಿಂದ ಬಂದಂಥ ದನಿಯಲ್ಲಿ ಕೆಮ್ಮಿ “ಶರಣ್ರೀ” ಎಂದರು. ರುಕ್ಮವ್ವ ಕೀರಲು ದನಿಯಲ್ಲಿ ನಕ್ಕಳು.

ಅಲ್ಲಿ ನಿಜವಾಗಿ ಮೂವರಿದ್ದಾರೆ! ಓಬಳೇಶನಿಗೆ ಹೊಟ್ಟೆಯುರಿಯಿತು. ಪಾಪ ಪುಣ್ಯ ನೋಡದೆ ತನ್ನ ಇಬ್ಬರನ್ನೂ ಪರಿಚಯಿಸಿದ.

“ನಿಮ್ಮ ಬೋರಣ್ಣಾರಿಗೆ ಸೊಂಟಕ್ಕ ಬಿಸಿ ಉಪ್ಪಿನ ಗಂಟು ಇಡ್ರಿ,” ಎಂದಳು ನೀಲಗಂಗಾ. “ಸಿದ್ಲಿಂಗಮ್ಮಾರು ಭಾಳ ಶಿಸ್ತು ಅನಸ್ತೈತಿ. ನಿಮಗ ಚಲೋ ಆತು ಬಿಡ್ರಿ, ಮನಿ ತುಂಬಿದಂಗ.”

“ಹೂಂ, ತುಂಬೈತೆ,” ಎಂದ ಓಬಳೇಶ.

ಒಂದು ದಿನ ಯಂತ್ರ ಅವನಿಗೆ ಇಪ್ಪತ್ಮೂರರವರ ಬಗ್ಗೆ ವಾಕ್ಯ ಮಾಡಲು ಹೇಳಿತು. ಅವನು ಪುಸ್ತಕ ನೋಡದೆ ಹೇಳಿದ: “ದೇ ಆರ್ ತ್ರೀ. ದೇ ಆರ್ ಈಟಿಂಗ್. ದೇ ಆರ್ ಹ್ಯಾಪಿ.”

ಆ ಕಡೆಯಿಂದ ನೀಲಗಂಗಾ ತಕ್ಷಣ, ಸರದಿ ಬರುವ ಮೊದಲೇ, “ನೋ. ಯು ಆರ್ ಹ್ಯಾಪಿ” ಎಂದಳು. ಯಂತ್ರ ಇಬ್ಬರಿಗೂ ಪೂರ್ಣ ಅಂಕ ಕೊಟ್ಟಿತು.

ಇನ್ನೊಂದು ವಾರ ಇಪ್ಪತ್ಮೂರರಲ್ಲಿ ಮೂವರಿಗೂ ಒಟ್ಟಿಗೆ ನೆಗಡಿಯಾಯಿತು. ನೀಲಗಂಗಾಳ ಮೂಗು ಕಟ್ಟಿತ್ತು, ರುಕ್ಮವ್ವನ ನಗುವಿನ ಮೂಗೂ ಕಟ್ಟಿತ್ತು, ದ್ಯಾಮಣ್ಣರ ಕೆಮ್ಮಿನ ನಡುವೆ ಸೀನು. ಓಬಳೇಶ ಅದಕ್ಕೂ ಕರುಬಿದ. “ನೋಡ್ಲಾ ಬೋರಯ್ಯ, ನೆಗಡಿ ಹಂಚ್ಕೊಳ್ಳಾಕೂ ಅಲ್ಲಿ ಜನ ಅವ್ರೆ,” ಎಂದ, ದೀಪಗಳು ಆರಿದ ಮೇಲೆ. ಆಮೇಲೆ ಬೋರಯ್ಯನ ಬದಲು ದ್ಯಾಮಣ್ಣರ ದನಿಯಲ್ಲಿ ಕೆಮ್ಮಿ ನೋಡಿದ. ಖಾಲಿ ಬಕೆಟ್ಟಿಗೆ ಬಾಯಿಟ್ಟರೆ ಹೆಚ್ಚು ಕಡಿಮೆ ಬರುತ್ತಿತ್ತು. ಅಂದಿನಿಂದ ಊಟದ ಹೊತ್ತಿಗೆ ಅದೊಂದು ಅಭ್ಯಾಸವಾಯಿತು.

ಪರೀಕ್ಷೆ ಐದನೆಯ ತಿಂಗಳು, ಧ್ವನಿತಂತುವಿನಲ್ಲೇ. ಪರೀಕ್ಷಕರು ಮೂವರು: ಹಂದೆಯವರು, ಗಡಸು ದನಿಯ ಒಬ್ಬರು, ಪ್ರತಿ ಪ್ರಶ್ನೆಗೂ ಮೊದಲು ಕೆನೆಯುವಂತೆ ಉಸಿರೆಳೆದುಕೊಳ್ಳುವ ಮುದುಕಿಯೊಬ್ಬರು. ಮೂವರೂ ಒಮ್ಮೆಯೂ ಒಟ್ಟಿಗೆ ಮಾತಾಡಲಿಲ್ಲ, ಎಷ್ಟು ಶಿಸ್ತಿನವರು ಎಂದುಕೊಂಡ ಓಬಳೇಶ. ಆರು ಜನರೂ ಪಾಸಾದರು. ವರ್ಗದ ಆದೇಶ ಅಂದೇ ಬಂತು. ಕೇಂದ್ರವೇದಿಕೆಯಲ್ಲಿ ಆರು ಹಾಸಿಗೆ. ಊಟದ ಮೇಜಿನಲ್ಲಿ ಆರು ಜಾಗ. ಕರೆದೊಯ್ಯಲು ಸ್ವತಃ ಡಾ. ಹಂದೆ ದೋಣಿಯಲ್ಲಿ ಬರುತ್ತಾರೆ.

ಓಬಳೇಶನ ಪಾಲಿಗೆ ಮೇಷ್ಟ್ರು ತಲೆಯೆತ್ತುವ ಹೊತ್ತು ಬಂದಿತ್ತು. ಸುಳ್ಳು ಹಾಜರಿ ಎಂದು ಗೊತ್ತಾದರೆ ಆದೇಶ ರದ್ದು, ಮತ್ತೆ ಈ ಎರಡು ಕೋಣೆ, ಎಷ್ಟು ವರ್ಷವೋ. ಅದಕ್ಕಿಂತ ಕಷ್ಟದ ಮಾತೆಂದರೆ, ದಿನಾ ಬೋರಯ್ಯನ ಸೊಂಟ ವಿಚಾರಿಸುವ ನೀಲಗಂಗಾಳ ಮುಖ ನೋಡುವುದು. ಕೊನೆಯ ಪಾಠದ ದಿನ ಧೈರ್ಯ ಮಾಡಿ ಹೇಳಿದ: “ಬೋರಯ್ಯ ಈಸ್ ನಾಟ್. ಸಿದ್ಲಿಂಗಮ್ಮ ಈಸ್ ನಾಟ್.”

“ವಾಕ್ಯ ಅಪೂರ್ಣ,” ಎಂದಿತು ಸರ್ವನಾಮಿ. ಅಷ್ಟರಲ್ಲಿ ಹೊತ್ತು ಮುಗಿದು ದೀಪಗಳು ಆರಿದವು.

ಮರುದಿನ ಬೆಳಗ್ಗೆ ದೋಣಿ ಬಂತು. ಮೊದಲು ಇಪ್ಪತ್ಮೂರಕ್ಕೆ ಹೋಗಿ ಬಂದಿತ್ತು. ಓಬಳೇಶ ಏಣಿಯ ತುದಿಯಲ್ಲಿ ನಿಂತು ಎಣಿಸಿದ. ಮುಂದೆ, ಮಡಿಲಲ್ಲಿ ಸರ್ವನಾಮಿ ಇಟ್ಟುಕೊಂಡು ಕುಳಿತ ತೆಳ್ಳನೆಯ ಹೆಂಗಸು, ಹಂದೆಯವರೇ ಇರಬೇಕು. ಹಿಂದೆ ಇನ್ನೊಬ್ಬ ಹೆಂಗಸು, ಕಂಕುಳಲ್ಲಿ ಸ್ಟೀಲ್ ಕೊಡ. ಉಳಿದ ಸೀಟುಗಳು ಖಾಲಿ.

“ಓಬಳೇಶ್ ನೀವಾ? ಇನ್ನುಳಿದವರು ಎಲ್ಲಿ?” ಎಂದು ಕೇಳಿದರು ಹಂದೆ.

ಅವನು ಮೂರು ನೆಪ ಸಿದ್ಧಪಡಿಸಿಟ್ಟುಕೊಂಡಿದ್ದ. ಮೂರನ್ನೂ ಬಿಟ್ಟು “ಉಳಿದೋನು ನಾನೇ ಮೇಡಂ,” ಎಂದ.

“ಎಂತ ಅವಸ್ಥೆ! ಇವರೂ ಅದನ್ನೇ ಹೇಳಿದ್ರು.”

ನೀಲಗಂಗಾ ತಲೆಯೆತ್ತಲಿಲ್ಲ. ಕೊಡದ ಕಂಠದ ಸುತ್ತ ಬೆರಳಾಡಿಸುತ್ತ, “ದ್ಯಾಮಣ್ಣಾರು ಇದರಾಗ ಅದಾರ್ರೀ,” ಎಂದಳು. ಆಮೇಲೆ ಕಾಲ ಬಳಿಯ ಚೀಲ ತೋರಿಸಿದಳು. “ನಿನ್ನಿ ನೀವು ಅಂದದ್ದು ಕೇಳಿ ಎದಿ ಒಡದಂಗಾತು. ಆದರೂ ಇರಬಹುದೇನೋ ಅಂತ ಸಿದ್ಲಿಂಗಮ್ಮಾರಿಗೆ ಶೇಂಗಾ ಚಟ್ನಿ ತಂದೀನಿ. ಯಾರಿಗೆ ಕೊಡ್ಲಿ ಈಗ?”

ಓಬಳೇಶ, ಇಲ್ಲಿದ್ದಾಳೆ ಎಂಬಂತೆ, ಗಂಟಲ ಮೇಲೆ ಕೈಯಿಟ್ಟುಕೊಂಡ. ಇಳಿದು ಬಂದು ಅವಳ ಪಕ್ಕದ ಸೀಟಿನಲ್ಲಿ ಕುಳಿತ.

ಹಂದೆಯವರು ಆರು ಪ್ರಮಾಣಪತ್ರಗಳನ್ನು ತೊಡೆಯ ಮೇಲೆ ಹರಡಿಕೊಂಡರು. ಹರಿದು ಸಮುದ್ರಕ್ಕೆ ಎಸೆಯುತ್ತಾರೆಂದುಕೊಂಡ ಓಬಳೇಶ. ಅವರು ಚೀಲದಿಂದ ಮೂರು ಪೆನ್ನು ತೆಗೆದರು. ಕಪ್ಪಿನಲ್ಲಿ ಒಂದು ಸಹಿ ಮಾಡಿದರು. ನೀಲಿಯಲ್ಲಿ ಇನ್ನೊಂದು ಥರದ ಸಹಿ.

“ಆ ಇಬ್ಬರು ಪರೀಕ್ಷಕರು ಬರ್ಲಿಲ್ವಾ ಮೇಡಂ?”

“ನನ್ನ ವಿಭಾಗಕ್ಕೂ ಮಂಜೂರಾದ ಹುದ್ದೆ ಮೂರು ಮಾರಾಯ್ರೆ,” ಎಂದರು ಹಂದೆ, ಹಸಿರು ಪೆನ್ನಿನ ಮುಚ್ಚಳ ತೆಗೆಯುತ್ತ.

ಕೊನೆಯದಾಗಿ ಒಂದು ತೊಡಕಿತ್ತು. ದೋಣಿ ಹೊರಡಬೇಕಾದರೆ ಸರ್ವನಾಮಿ ಹಾಜರಿ ಕರೆಯಬೇಕು, ಆರು ಹೆಸರಿಗೂ ಅದು ಬಲ್ಲ ದನಿಯಲ್ಲೇ ಉತ್ತರ ಬರಬೇಕು. “ಇದೊಂದು ಸಲ ಆಗಿಹೋಗಲಿ,” ಎಂದರು ಹಂದೆ. “ಕೇಂದ್ರ ಮುಟ್ಟಿದ ಕೂಡಲೇ ನಾಲ್ಕು ಜನರ ರಾಜೀನಾಮೆ ಬರೆಯುವ.”

“ಓಬಳೇಶ,” ಎಂದು ಕರೆಯಿತು ಯಂತ್ರ.

“ಐ ಯಾಮ್ ಹಿಯರ್.”

“ಬೋರಯ್ಯ.”

ಓಬಳೇಶ ಬಾಯಿ ತೆರೆದ. ದನಿ ಹೊರಡಲಿಲ್ಲ. ಪಕ್ಕದಲ್ಲಿ ಮೈಗೆ ಮೈ ತಾಗುವಷ್ಟು ಹತ್ತಿರ ಒಬ್ಬರು ಕುಳಿತಿರುವಾಗ ಅವನು ಯಾವತ್ತೂ ಬೋರಯ್ಯನಾಗಿರಲಿಲ್ಲ. ದೀಪ ಮಿನುಗುತ್ತ ಕಾಯಿತು.

“ಹೂಂ... ಐ ಯಾಮ್ ಹಿಯರ್. ಅಯ್ಯಯ್ಯೋ ಸೊಂಟ!”

ಅದೇ ಒಡಕು, ಅದೇ ಗೊಣಗು. ಹೇಳಿದ್ದು ನೀಲಗಂಗಾ. ಎರಡನೆಯ ದೀಪ ಒಂದಿಷ್ಟೂ ಅನುಮಾನಿಸದೆ ಹತ್ತಿತು. ಒಂದು ದನಿಗೆ ಒಬ್ಬರೇ ಎಂದು ನಂಬಿ ಯಂತ್ರ ಕಟ್ಟಿದ್ದ ಹಂದೆಯವರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದೆರಡು ದಿನ ಕೇಳಿ ಬರುವ ದನಿಯಲ್ಲ ಅದು. ಪಾಠ ಮುಗಿದು ದೀಪಗಳು ಆರಿದ ಮೇಲೆ ಇಪ್ಪತ್ಮೂರನೆಯ ವೇದಿಕೆಯಲ್ಲಿ ಬೋರಯ್ಯ ಎಷ್ಟು ಸಲ ಬಂದು ಕುಳಿತು ಗೊಣಗಿದ್ದನೋ!

“ಸಿದ್ಲಿಂಗಮ್ಮ.” ಅದಕ್ಕೂ ಅವಳೇ ಉತ್ತರಿಸಿದಳು, ಪುಸ್ತಕ ತಡವಾಗಿ ತಂದವನನ್ನು ಗದರಿಸುವ ರಾಗದಲ್ಲಿ.

“ನೀಲಗಂಗಾ.”

“ಐ ಯಾಮ್ ಹಿಯರ್.”

“ದ್ಯಾಮಣ್ಣ.”

ಓಬಳೇಶ ಅವಳ ಕಂಕುಳಿನಿಂದ ಕೊಡ ತೆಗೆದುಕೊಂಡ. ಕಂಠದೊಳಕ್ಕೆ ಬಾಯಿಟ್ಟು ಎರಡು ಸಲ ಕೆಮ್ಮಿ, “ಐ ಯಾಮ್ ಹಿಯರ್ರೀ” ಎಂದ. ದೀಪ ಹತ್ತಿತು. ನೀಲಗಂಗಾ ಅವನನ್ನೇ ನೋಡಿದಳು. ರುಕ್ಮವ್ವನ ಹೆಸರು ಬಂದಾಗ ಇಬ್ಬರೂ ಒಟ್ಟಿಗೆ ಕೀರಲು ದನಿಯಲ್ಲಿ ನಕ್ಕರು. ಯಂತ್ರ ಅದನ್ನು ಒಬ್ಬಳೆಂದೇ ಎಣಿಸಿತು.

ಆರು ದೀಪಗಳೂ ಉರಿಯುತ್ತಿರಲು ದೋಣಿ ಹೊರಟಿತು. ಕೇಂದ್ರವೇದಿಕೆಯ ರೆಕ್ಕೆಗಳು ದೂರದಲ್ಲಿ ಕಾಣಿಸಿದವು. ಹಂದೆಯವರು ಖಾಲಿ ಕಾಗದ ತೆಗೆದು ‘ರಾಜೀನಾಮೆ’ ಎಂದು ಮೇಲೆ ಬರೆದು, “ಮೊದಲು ಯಾರದ್ದು?” ಎಂದು ಕೇಳಿದರು.

“ಇವತ್ತ ಬ್ಯಾಡ್ರಿ ಮೇಡಂ,” ಎಂದಳು ನೀಲಗಂಗಾ, ಚಟ್ನಿಯ ಚೀಲವನ್ನು ಮಡಿಲಿಗೆ ಎತ್ತಿಕೊಳ್ಳುತ್ತ. “ನಾಳಿ ಬರೀರಿ. ಇವತ್ತೊಂದಿನ ಎಲ್ಲಾರೂ ಕೂಡೇ ಊಟ ಮಾಡ್ಲಿ.”